ಉಪ್ಪಿನ ಅಧ್ಯಾಯದಲ್ಲಿ ಇಲ್ಲದ ಭದ್ರಾವತಿ

ಆ ಸಾಲು ಇಂಗ್ಲಿಷಿನಲ್ಲಿತ್ತು. ಕನ್ನಡದಲ್ಲಿ ಹೇಳುವುದಾದರೆ ಹೀಗೆ: ಭದ್ರಾವತಿಯ ಕಾರ್ಖಾನೆ ಬಡಾವಣೆಗಳ ಹೆಂಗಸರು ಅಜ್ಞಾನ ಮತ್ತು ಮೂಢನಂಬಿಕೆಯ ಕಾರಣಕ್ಕೆ ಬಿಪಿ ಮಾತ್ರೆಯನ್ನು ನಡುವೆಯೇ ನಿಲ್ಲಿಸಿಬಿಡುತ್ತಾರೆ. ವಾಕ್ಯ ಮುಗಿಯುವಲ್ಲಿ, ಸ್ವಲ್ಪ ಮೇಲಕ್ಕೆ ಎತ್ತಿ ಕೂರಿಸಿದ ಒಂದು ಪುಟ್ಟ ಸಂಖ್ಯೆ. ಈ ಮಾತಿಗೆ ಆಧಾರವಿದೆ, ಅನುಮಾನವಿದ್ದರೆ ಕೊನೆಯ ಪಟ್ಟಿಯಲ್ಲಿ ನೋಡಿಕೊಳ್ಳಿ ಎಂಬುದು ಅದರ ಅರ್ಥ. ಹಾಗೆ ನೋಡಿಕೊಳ್ಳುವವರು ಯಾರೂ ಇರುವುದಿಲ್ಲ ಎಂಬುದು ನನಗೆ ಆಮೇಲೆ ಗೊತ್ತಾಯಿತು.

ನಾನಾಗ ಶಿವಮೊಗ್ಗದ ಒಂದು ನರ್ಸಿಂಗ್ ಕಾಲೇಜಿನಲ್ಲಿ ಎಂ.ಎಸ್ಸಿ. ಮೊದಲ ವರ್ಷ ಓದುತ್ತಿದ್ದೆ. ಹುಟ್ಟಿ ಬೆಳೆದದ್ದು ಭದ್ರಾವತಿಯ ಅಂಥದೇ ಒಂದು ಬಡಾವಣೆಯಲ್ಲಿ. ಅಪ್ಪ ಗುತ್ತಿಗೆ ಕೆಲಸಗಾರ, ಅಮ್ಮ ಸರ್ಕಾರಿ ಶಾಲೆಯೊಂದರಲ್ಲಿ ಬಿಸಿಯೂಟದ ಅಡುಗೆಯವಳು. ಅಮ್ಮನಿಗೆ ನಾನು ಡಿಗ್ರಿಗೆ ಸೇರುವ ಮೊದಲಿನಿಂದಲೂ ಬಿಪಿ. ಅಂದರೆ ಗ್ರಂಥಾಲಯದ ಕುರ್ಚಿಯಲ್ಲಿ ಕೂತು, ಹಿಂದಿನ ಬ್ಯಾಚಿನ ಪ್ರಬಂಧವೊಂದರಲ್ಲಿ ನಾನು ಓದುತ್ತಿದ್ದದ್ದು ನಮ್ಮಮ್ಮನ ಬಗ್ಗೆ.

ಮುಂದೆ ಹೋಗುವ ಮೊದಲು ನನ್ನ ಆಧಾರಗಳನ್ನೂ ಹೇಳಿಬಿಡುತ್ತೇನೆ. ಪಿಯುಸಿಯಿಂದ ನಾನು ದಿನಚರಿ ಬರೆಯುತ್ತಿದ್ದೇನೆ. ಬರೆಯುವುದಕ್ಕಿಂತ ಹಳೆಯದನ್ನು ತೆಗೆದು ಓದುವುದೇ ನನಗೆ ಹೆಚ್ಚು ಪಾಠ ಕಲಿಸಿದೆ. ಪಿಯುಸಿ ಫಲಿತಾಂಶದ ದಿನ ಅಪ್ಪ ನನ್ನ ಜೊತೆಗಿದ್ದರೆಂದು ವರ್ಷಗಟ್ಟಲೆ ಎಲ್ಲರಿಗೂ ಹೇಳಿಕೊಂಡು ಬಂದಿದ್ದೆ. ತೆಗೆದು ನೋಡಿದರೆ, ಅಪ್ಪ ಆವತ್ತು ಸೆಕೆಂಡ್ ಶಿಫ್ಟ್‌ನಲ್ಲಿದ್ದರು, ಜೊತೆಗೆ ಬಂದವರು ಸೋದರಮಾವ. ಅಪ್ಪನ ಕೈ ನನ್ನ ತಲೆಯ ಮೇಲಿದ್ದದ್ದು ಇವತ್ತಿಗೂ ಕಣ್ಣಿಗೆ ಕಟ್ಟಿದಂತಿದೆ; ಅದು ನಡೆದೇ ಇಲ್ಲ. ಆದ್ದರಿಂದ ಇಲ್ಲಿ ಬರೆಯುವುದರಲ್ಲಿ ಯಾವುದು ಆವತ್ತೇ ಬರೆದಿಟ್ಟದ್ದು, ಯಾವುದು ಬರೀ ನೆನಪು ಎಂಬುದನ್ನು ಆದಷ್ಟು ಬೇರೆ ಮಾಡಿ ಹೇಳುತ್ತೇನೆ.

ನಮ್ಮ ಓದಿನಲ್ಲಿ ಪ್ರಬಂಧ ಬರೆಯುವ ಮೊದಲು ಅದರ ರೂಪುರೇಷೆ ಕೊಡಬೇಕು. ಅದಕ್ಕೆ ಸಿನಾಪ್ಸಿಸ್ ಎನ್ನುತ್ತಾರೆ. ಏನು ಅಧ್ಯಯನ ಮಾಡುತ್ತೀರಿ, ಯಾಕೆ, ಈ ಬಗ್ಗೆ ಈವರೆಗೆ ಯಾರು ಏನು ಬರೆದಿದ್ದಾರೆ, ಜನರಿಗೆ ಯಾವ ಪ್ರಶ್ನೆ ಕೇಳುತ್ತೀರಿ ಎಲ್ಲವೂ ಅದರಲ್ಲಿರಬೇಕು. ಗೈಡ್ ಸಹಿ ಹಾಕಿದ ಮೇಲೆ ಅದು ಕಮಿಟಿಗೆ ಹೋಗುತ್ತದೆ. ದಿನಾಂಕ ತಪ್ಪಿದರೆ ಆರು ತಿಂಗಳು ಹಿಂದೆ ಬೀಳಬೇಕು. ನನ್ನ ವಿಷಯ ಭದ್ರಾವತಿಯ ಬಡಾವಣೆಗಳಲ್ಲಿ ಹೆಂಗಸರು ಬಿಪಿ ಮಾತ್ರೆ ಯಾಕೆ ತಪ್ಪಿಸುತ್ತಾರೆ ಎಂಬುದು. ನನ್ನ ಕರಡಿನಲ್ಲಿ ಆ ಸಾಲು ಇರಲಿಲ್ಲ. ಬೇಕೆಂದೇ ಬಿಟ್ಟಿದ್ದೆ.

ನನ್ನ ಗೈಡ್ ಆ ವಿಭಾಗದ ಹಿರಿಯ ಪ್ರಾಧ್ಯಾಪಕಿ. ಅದೇ ಕಾಲೇಜಿನಲ್ಲಿ ಓದಿ ಅಲ್ಲೇ ಪಾಠ ಮಾಡುತ್ತಿದ್ದವರು. ಕೆಟ್ಟವರಲ್ಲ. ಜ್ವರ ಬಂದ ವಿದ್ಯಾರ್ಥಿನಿಗೆ ಮನೆಯಿಂದ ಗಂಜಿ ತಂದುಕೊಟ್ಟದ್ದನ್ನು ನಾನೇ ಕಂಡಿದ್ದೇನೆ. ಅವರು ಕರಡನ್ನು ತಿರುವಿ ಹಾಕಿ ಕೇಳಿದರು.

"ಲೋಕಲ್ ಕಾಂಟೆಕ್ಸ್ಟ್ ಎಲ್ಲಮ್ಮ? ಆ ಭದ್ರಾವತಿ ಸಾಲು ಹಾಕಿಲ್ವಲ್ಲ. ಎಲ್ಲಾ ಬ್ಯಾಚಿನವರೂ ಹಾಕಿದಾರೆ."

"ಅದು ಸರಿ ಇಲ್ಲ ಅನ್ಸತ್ತೆ ಮೇಡಂ. ನಾನು ಅಲ್ಲಿಯವಳೇ. ನಮ್ಮಮ್ಮ ಒಂದು ದಿನಾನೂ ಮಾತ್ರೆ ಬಿಟ್ಟವಳಲ್ಲ."

ಅವರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. "ನೋಡು, ನಿನ್ನ ಹತ್ರ ಇರೋದು ಒಬ್ಬ ಅಮ್ಮ. ನನ್ನ ಹತ್ರ ಏಳು ರೆಫರೆನ್ಸ್ ಇದಾವೆ. ರಿಸರ್ಚ್ ಅಂದ್ರೆ ಅದೇ ಕಣಮ್ಮ."

ಈ ಮಾತು ದಿನಚರಿಯಲ್ಲಿ ಹೀಗೇ ಇದೆ. ಅದರ ಕೆಳಗೆ ನಾನು ಬರೆದದ್ದು: ಅವರು ಹೇಳಿದ್ದು ಸರಿ. ಹೌದು, ಒಬ್ಬ ಅಮ್ಮ ಪುರಾವೆಯಲ್ಲ. ನಮಗೆ ಮೊದಲ ತಿಂಗಳಲ್ಲೇ ಹೇಳಿಕೊಟ್ಟದ್ದು ಅದು. ನನಗೆ ಸಿಟ್ಟು ಬಂದದ್ದು ಅವರು ತಪ್ಪೆಂದಲ್ಲ, ನನ್ನ ಬಳಿ ಉತ್ತರವಿರಲಿಲ್ಲ ಎಂದು.

ಸಾಲು ಬರೀ ಸಾಲಾಗಿದ್ದರೆ ನುಂಗಿಕೊಳ್ಳುತ್ತಿದ್ದೆನೇನೋ. ಅದರಿಂದಲೇ ಪ್ರಶ್ನೆಯೂ ಹುಟ್ಟುತ್ತಿತ್ತು. ಪ್ರತಿ ಬ್ಯಾಚೂ ಆ ಸಾಲನ್ನು ಆಧಾರ ಮಾಡಿಕೊಂಡು ಅದೇ ಪ್ರಶ್ನಾವಳಿ ಇಟ್ಟುಕೊಳ್ಳುತ್ತಿತ್ತು. ಮಾತ್ರೆ ನಿಲ್ಲಿಸಲು ಕಾರಣವೇನು? ಅ) ಮೂಢನಂಬಿಕೆ, ಆ) ಅಜ್ಞಾನ, ಇ) ಮರೆವು, ಈ) ನಿರ್ಲಕ್ಷ್ಯ. ಯಾವುದಕ್ಕೆ ಗುರುತು ಹಾಕಿದರೂ ತಪ್ಪು ಹೆಂಗಸಿನದೇ. ಆ ಹಾಳೆಯನ್ನು ಹಿಡಿದು ನಾನು ನಮ್ಮ ಬೀದಿಗೆ ಹೋಗಿ, ನನ್ನನ್ನು ಎತ್ತಿ ಆಡಿಸಿದವರ ಎದುರು ಕೂತು, ಇದರಲ್ಲಿ ಯಾವುದು ನಿಮ್ಮದು ಅಂತ ಕೇಳಬೇಕಿತ್ತು.

ಅದೇ ವಾರ ಗೆಳತಿಯೊಬ್ಬಳ ಜೊತೆ ದುರ್ಗಿಗುಡಿಯ ಒಂದು ಡಿಟಿಪಿ ಅಂಗಡಿಗೆ ಹೋಗಿದ್ದೆ. ಅವಳು ನನ್ನ ಸಹಪಾಠಿ. ಆಲ್ಕೊಳ ಸರ್ಕಲ್ ಹತ್ತಿರ ನಾವಿಬ್ಬರೂ ಒಂದೇ ರೂಮಿನಲ್ಲಿದ್ದೆವು. ಅವಳ ಸಿನಾಪ್ಸಿಸ್ ಟೈಪ್ ಆಗಬೇಕಿತ್ತು. ಅಂಗಡಿಯವನು ಪೆನ್‌ಡ್ರೈವ್ ಚುಚ್ಚಿ, ಪರದೆಯಿಂದ ಕಣ್ಣು ತೆಗೆಯದೆ ಕೇಳಿದ.

"ರೆಫರೆನ್ಸ್ ನಿಮ್ದಾ, ನಮ್ದಾ?"

ನನಗೆ ಅರ್ಥವಾಗಲಿಲ್ಲ. ಗೆಳತಿಗೆ ಆಯಿತು. "ಯಾವ್ದಿದೆ ಅಣ್ಣ?"

"ಮಕ್ಕಳದ್ದು ಹಳೇದು. ಕಮ್ಯುನಿಟಿ ಹೆಲ್ತ್‌ದು ಫ್ರೆಶ್ ಇದೆ, ಹೋದ ಬ್ಯಾಚಿಂದು. ಹಾಕ್ಲಾ?"

"ಹಾಕಿ, ಹಾಕಿ."

ಸೊಪ್ಪು ಕೊಂಡಷ್ಟು ಸಲೀಸಾಗಿ ಅದು ಮುಗಿಯಿತು. ಯಾರೋ ಓದಿದ, ಅಥವಾ ಯಾರೂ ಓದಿರದ ಲೇಖನಗಳ ಪಟ್ಟಿ ಅವಳ ಹೆಸರಿನ ಕೆಳಗೆ ಬಂದು ಕೂತಿತು. ಹೊರಗೆ ಬಂದ ಮೇಲೆ ಕೇಳಿದೆ, "ಅದನ್ನೆಲ್ಲ ಓದ್ತೀಯೇನೇ?"

"ಏ ಮಾರಾಯ್ತಿ, ರೆಫರೆನ್ಸ್ ಇರೋದು ಓದಕ್ಕಲ್ಲ, ಎಣಿಸಕ್ಕೆ. ಕಮಿಟಿಯವ್ರು ಕೊನೇ ಪೇಜ್ ನೋಡ್ತಾರೆ, ಇಪ್ಪತ್ತೈದು ಇದ್ಯಾ, ಮುಗೀತು. ನೀನೊಬ್ಳು, ಅದ್ರೊಳಗೆ ಏನಿದೆ ಅಂತ ನೋಡ್ತೀಯ."

ಅವಳನ್ನು ಹಂಗಿಸಲು ಇದನ್ನು ಬರೆಯುತ್ತಿಲ್ಲ. ವಾರ್ಡ್ ಡ್ಯೂಟಿ, ಕ್ಲಾಸು, ಸೆಮಿನಾರು, ಇವುಗಳ ನಡುವೆ ಮೂಲ ಲೇಖನ ಹುಡುಕಿ ಓದುವಷ್ಟು ಹೊತ್ತು ನಮಗೆ ಯಾರೂ ಕೊಟ್ಟಿರಲಿಲ್ಲ. ಆ ಅಂಗಡಿ ಇದ್ದದ್ದೇ ಅದಕ್ಕೆ. ಆದರೆ ಅವಳು ಹೇಳಿದ ಮಾತು ನನ್ನೊಳಗೆ ಕೂತುಬಿಟ್ಟಿತು. ಗೈಡ್ ಹೇಳಿದ ಏಳು ರೆಫರೆನ್ಸ್‌ಗಳನ್ನು ಯಾರಾದರೂ ಓದಿದ್ದಾರೆಯೇ, ಬರೀ ಎಣಿಸಿದ್ದಾರೆಯೇ?

ಏಳೂ ನಮ್ಮ ಗ್ರಂಥಾಲಯದಲ್ಲೇ ಇದ್ದವು. ಹಿಂದಿನ ಬ್ಯಾಚುಗಳ ಪ್ರಬಂಧಗಳು, ಕಪ್ಪು ರೆಕ್ಸಿನ್ ಹೊದಿಕೆ, ಬೆನ್ನಿನ ಮೇಲೆ ಚಿನ್ನದ ಬಣ್ಣದ ಅಕ್ಷರ. ತೀರಾ ಈಚಿನದನ್ನು ತೆಗೆದೆ. ಭದ್ರಾವತಿಯ ಸಾಲಿಗೆ ಆಧಾರ ಏನೆಂದು ಪಟ್ಟಿ ನೋಡಿದರೆ ಅದಕ್ಕೂ ಹಿಂದಿನ ಪ್ರಬಂಧ. ಅದನ್ನು ತೆಗೆದೆ. ಅದರ ಆಧಾರ ಅದರ ಹಿಂದಿನದು. ಸಾಲಿನಲ್ಲಿ ಒಂದು ಪದವೂ ಬದಲಾಗಿರಲಿಲ್ಲ. ಒಂದೊಂದಾಗಿ ಇಳಿದು ಏಳನೆಯದಕ್ಕೆ, ಅಂದರೆ ಎಲ್ಲಕ್ಕಿಂತ ಹಳೆಯದಕ್ಕೆ ಬಂದೆ. ಅದರ ಬೆನ್ನಿನ ಮೇಲೆ ನನ್ನ ಗೈಡ್ ಹೆಸರಿತ್ತು.

ಅಲ್ಲಿ ಆ ಸಾಲಿಗೆ ಕೊಟ್ಟಿದ್ದ ಆಧಾರ ಒಂದು ವಿದೇಶಿ ಪಠ್ಯಪುಸ್ತಕ. ಅದೂ ಅದೃಷ್ಟಕ್ಕೆ ಕೆಳಗಿನ ಕಪಾಟಿನಲ್ಲಿ ಸಿಕ್ಕಿತು. ಪಟ್ಟಿಯಲ್ಲಿ ಹೇಳಿದ ಪುಟಗಳನ್ನು ತೆರೆದೆ. ಅದು ಉಪ್ಪಿನ ಬಗೆಗಿನ ಅಧ್ಯಾಯ. ಊಟದಲ್ಲಿ ಉಪ್ಪು ಹೆಚ್ಚಾದರೆ ರಕ್ತದೊತ್ತಡ ಹೇಗೆ ಏರುತ್ತದೆ ಎಂದಿತ್ತು. ಭದ್ರಾವತಿ ಇರಲಿಲ್ಲ. ಮಾತ್ರೆ ಬಿಡುವ ಹೆಂಗಸರಿರಲಿಲ್ಲ. ಆ ಅಧ್ಯಾಯವನ್ನು ಎರಡು ಸಲ ಓದಿದೆ, ನಾನೇ ಕಣ್ತಪ್ಪಿನಿಂದ ಬಿಟ್ಟೆನೇನೋ ಎಂದು.

ಹೀಗಾದದ್ದು ಹೇಗೆ ಎಂದು ತಿಳಿಯಲು ನಮ್ಮ ಸಂಖ್ಯೆಗಳ ಪದ್ಧತಿ ಸ್ವಲ್ಪ ಗೊತ್ತಿರಬೇಕು. ವೈದ್ಯಕೀಯ ಬರಹದಲ್ಲಿ ಆಧಾರಗಳು ಬಂದ ಕ್ರಮದಲ್ಲೇ ಸಂಖ್ಯೆ ಪಡೆಯುತ್ತವೆ. ಮೊದಲು ಬಂದದ್ದು ಒಂದು, ನಂತರದ್ದು ಎರಡು. ನಡುವೆ ಹೊಸದೊಂದು ಸೇರಿದರೆ ಮುಂದಿನವೆಲ್ಲ ಒಂದೊಂದು ಮುಂದಕ್ಕೆ ಸರಿಯಬೇಕು, ಪಠ್ಯದಲ್ಲೂ ಪಟ್ಟಿಯಲ್ಲೂ. ನಮ್ಮ ಕಾಲೇಜಿನ ಲೈಬ್ರೇರಿಯನ್ ಒಂದು ಮಧ್ಯಾಹ್ನ ಎಲ್ಲರನ್ನೂ ಕೂರಿಸಿ, ಇದನ್ನೆಲ್ಲ ತಾನೇ ನೋಡಿಕೊಳ್ಳುವ ಒಂದು ಉಚಿತ ಸಾಫ್ಟ್‌ವೇರ್ ಕಲಿಸಿದ್ದರು. ಓದಿದ ಲೇಖನವನ್ನು ಅದರಲ್ಲಿ ಸೇರಿಸಿಟ್ಟುಕೊಂಡರೆ, ಬರೆಯುವಾಗ ಬೇಕಾದಲ್ಲಿ ಇಳಿಸಬಹುದು. ಬಸ್ಸಿನ ಸೀಟಿನಲ್ಲಿ ಒಬ್ಬರು ನಡುವೆ ಬಂದು ಕೂತರೆ ಉಳಿದವರು ಸರಿದು ಕೂರುತ್ತಾರಲ್ಲ, ಹಾಗೆ ಸಂಖ್ಯೆಗಳು ತಾವೇ ಸರಿಯುತ್ತವೆ. ಆ ಮಧ್ಯಾಹ್ನ ಅರ್ಧ ತರಗತಿ ತೂಕಡಿಸುತ್ತಿತ್ತು. ನಾನು ತೂಕಡಿಸಲಿಲ್ಲ ಎಂದು ನೆನಪು, ಬರೆದಿಟ್ಟಿಲ್ಲ.

ಗೈಡ್ ಓದುವ ಕಾಲಕ್ಕೆ ಅದೆಲ್ಲ ಇರಲಿಲ್ಲ. ಕೈಯಲ್ಲಿ ಬರೆದುಕೊಟ್ಟದ್ದನ್ನು ಡಿಟಿಪಿಯವರು ಟೈಪ್ ಮಾಡುತ್ತಿದ್ದರು. ಅವರ ಆ ಅಧ್ಯಾಯದ ಆಧಾರಗಳನ್ನು ನಾನು ಒಂದೊಂದಾಗಿ ಸಾಫ್ಟ್‌ವೇರಿಗೆ ಹಾಕಿ ಜೋಡಿಸುತ್ತಾ ಹೋದೆ. ಭದ್ರಾವತಿಯ ಸಾಲಿನವರೆಗೆ ಎಲ್ಲವೂ ಸರಿ. ಅಲ್ಲಿಂದ ಮುಂದೆ ಪ್ರತಿಯೊಂದೂ ಒಂದೊಂದು ಮನೆ ತಪ್ಪಿತ್ತು. ಉಪ್ಪಿನ ಬಗೆಗಿನ ವಾಕ್ಯಕ್ಕೆ ನಡಿಗೆಯ ಲೇಖನ, ನಡಿಗೆಯ ವಾಕ್ಯಕ್ಕೆ ತಂಬಾಕಿನ ಲೇಖನ. ಕೊನೆಗೆ ಪಟ್ಟಿ ಮುಗಿದ ಮೇಲೂ ಪಠ್ಯದಲ್ಲಿ ಒಂದು ಸಂಖ್ಯೆ ಉಳಿದಿತ್ತು. ಅದಕ್ಕೆ ಮನೆಯೇ ಇರಲಿಲ್ಲ. ಅಂದರೆ ಆ ಸಾಲನ್ನು ಯಾರೋ ಆಮೇಲೆ, ಎಲ್ಲ ಮುಗಿದ ಮೇಲೆ ನಡುವೆ ಸೇರಿಸಿದ್ದಾರೆ. ಟೈಪ್ ಮಾಡುವವರು ಎಲ್ಲ ವಾಕ್ಯಕ್ಕೂ ಸಂಖ್ಯೆ ಇದೆಯಲ್ಲ ಎಂದು ಇದಕ್ಕೂ ಒಂದು ಕೊಟ್ಟು, ಪಠ್ಯದಲ್ಲಿ ಮುಂದಿನವನ್ನೆಲ್ಲ ಸರಿಸಿದ್ದಾರೆ; ಪಟ್ಟಿಯನ್ನು ಮುಟ್ಟಿಲ್ಲ. ಆ ಸಂಖ್ಯೆ ಉಪ್ಪಿನ ವಾಕ್ಯದ್ದು. ಭದ್ರಾವತಿಯ ಸಾಲಿಗೆ ಯಾವತ್ತೂ ಆಧಾರವೇ ಇರಲಿಲ್ಲ.

ಸಾಫ್ಟ್‌ವೇರನ್ನು ಹೊಗಳುತ್ತಿದ್ದೇನೆ ಅಂದುಕೊಳ್ಳಬಾರದು. ಅದು ಸಂಖ್ಯೆಯನ್ನು ಸರಿ ಇಡುತ್ತದೆ, ಅಷ್ಟೇ. ಓದಿದ್ದೀಯಾ ಎಂದು ಕೇಳುವುದಿಲ್ಲ. ನನ್ನ ಗೆಳತಿಯ ಪಟ್ಟಿಯನ್ನು ಅದರಲ್ಲಿ ಸುರಿದರೂ ಅಷ್ಟೇ ಅಚ್ಚುಕಟ್ಟಾಗಿ ಜೋಡಿಸಿ ಕೊಡುತ್ತಿತ್ತು.

ಆ ಭಾನುವಾರ ಭದ್ರಾವತಿಗೆ ಹೋದೆ. ಬಸ್ಸಿನಲ್ಲಿ ಗೆದ್ದವಳ ಹಾಗೆ ಕೂತಿದ್ದೆ. ಅಮ್ಮ ಹಿತ್ತಲಲ್ಲಿ ಬಟ್ಟೆ ಒಗೆಯುತ್ತಿದ್ದಳು. ಇಲ್ಲಿಂದ ಮುಂದಿನ ಮಾತುಗಳನ್ನು ಅವತ್ತೇ ಸಂಜೆ ಬರೆದಿಟ್ಟಿದ್ದೇನೆ, ಆದ್ದರಿಂದ ನಂಬಬಹುದು.

"ಅಮ್ಮ, ನೀನು ಬಿಪಿ ಮಾತ್ರೆ ಯಾವತ್ತೂ ಬಿಟ್ಟಿಲ್ಲ ಅಲ್ವಾ?" ಕೇಳುವಾಗಲೇ ಉತ್ತರ ನನಗೆ ಗೊತ್ತಿತ್ತು.

"ಬಿಟ್ಟಿದ್ನಲ್ಲ."

"ಯಾವಾಗ?"

"ನೀನು ಡಿಗ್ರಿಗೆ ಅಂತ ಹಾಸ್ಟೆಲ್ಲಿಗೆ ಹೋದ್ಯಲ್ಲ, ಆ ವರ್ಷ. ಮಳೆಗಾಲ ಪೂರ್ತಿ ತಗೊಳ್ಲಿಲ್ಲ."

"ಸುಳ್ಳು. ನಾನು ದಿನಾ ಫೋನ್ ಮಾಡಿ ಕೇಳ್ತಿದ್ದೆ."

"ಕೇಳ್ತಿದ್ದೆ. ಮಾತ್ರೆ ತಗೊಂಡ್ಯಾ ಅಂತಿದ್ದೆ. ನಾನು ಹ್ಞೂಂ ಅಂತಿದ್ದೆ. ಬಿಟ್ಟಿದೀಯಾ, ಯಾಕೆ ಬಿಟ್ಟೆ ಅಂತ ಯಾವತ್ತಾದ್ರೂ ಕೇಳಿದ್ಯಾ? ಕೇಳಿದ್ರೆ ಹೇಳ್ತಿದ್ದೆ."

"ಈಗ ಕೇಳ್ತಿದೀನಿ. ಯಾಕೆ ಬಿಟ್ಟೆ?"

"ಕಾಲು ಬಾತ್ಕೊಳ್ತಿತ್ತು ಮಾರಾಯ್ತಿ. ಬೆಳಿಗ್ಗೆ ಹಾಕ್ಕೊಂಡು ಹೋದ ಚಪ್ಪಲಿ ಮಧ್ಯಾಹ್ನಕ್ಕೆ ಹಿಡೀತಿರ್ಲಿಲ್ಲ. ಸ್ಕೂಲಲ್ಲಿ ಅಷ್ಟು ದೊಡ್ಡ ಸಾಂಬಾರಿನ ಪಾತ್ರೆ ಇಳಿಸ್ಬೇಕು, ಕಾಲು ಹಿಂಗಾದ್ರೆ ಇಳಿಸೋದು ಹೆಂಗೆ? ಮಾತ್ರೆ ಬಿಟ್ಟೆ, ಇಳೀತು. ಆಮೇಲೆ ಡಾಕ್ಟ್ರು ಬದ್ಲಾಯಿಸಿ ಕೊಟ್ರು, ಈಗ ತಗೊಳ್ತಿದೀನಿ."

ಬಿಪಿಗೆ ಕೊಡುವ ಒಂದು ಜಾತಿಯ ಮಾತ್ರೆಗೆ ಕೆಲವರಲ್ಲಿ ಕಾಲು ಊದುತ್ತದೆ. ಡಿಗ್ರಿಯಲ್ಲೇ ಓದಿ, ಪರೀಕ್ಷೆಯಲ್ಲಿ ಬರೆದು, ಅಂಕ ತೆಗೆದುಕೊಂಡಿದ್ದೆ. ನಾನು ಅದನ್ನು ಬರೆಯುತ್ತಿದ್ದ ಹೊತ್ತಿಗೇ ಇಲ್ಲಿ ಅಮ್ಮ ಬರಿಗಾಲಲ್ಲಿ ಮನೆಗೆ ನಡೆದು ಬರುತ್ತಿದ್ದಳೇನೋ. ಗೊತ್ತಿಲ್ಲ. ವರ್ಷ ಸರಿಯಾಗಿ ಹೊಂದಿಸಿ ನೋಡಿಲ್ಲ, ಹೊಂದಿಸಲು ಧೈರ್ಯವೂ ಇಲ್ಲ.

ಸಾಲನ್ನು ಅವಳಿಗೆ ಕನ್ನಡದಲ್ಲಿ ಓದಿ ಹೇಳಿದೆ.

"ಮೂಢನಂಬಿಕೆ ಅಂದ್ರೆ?"

"ದೇವ್ರು, ದಿಂಡ್ರು, ಮಾಟ, ಮಂತ್ರ."

"ನನ್ನ ಕಾಲಿಗೂ ದೇವ್ರಿಗೂ ಏನೇ ಸಂಬಂಧ? ಬರ್ದೋರ್ಗೆ ಹೇಳು, ನಾನು ಹೇಳ್ದೆ ಅಂತ ಹಾಕು."

"ಹಾಗೆ ಹಾಕಕ್ಕಾಗಲ್ಲಮ್ಮ. ಒಬ್ರು ಹೇಳಿದ್ದು ಆಧಾರ ಆಗಲ್ಲ."

ಹಿಂಡುತ್ತಿದ್ದ ಸೀರೆಯನ್ನು ಬಕೆಟ್ಟಿಗೆ ಹಾಕಿ ನನ್ನ ಕಡೆ ತಿರುಗಿದಳು. "ಯಾರನ್ನೂ ಕೇಳ್ದೆ ಬರ್ದಿದ್ದು ಆಧಾರ ಆಗತ್ತೆ. ನನ್ನ ಕಾಲಿನ ಬಗ್ಗೆ ನಾನೇ ಹೇಳಿದ್ದು ಆಗಲ್ಲ. ಎಂಥ ಓದೇ ನಿಂದು!"

ವಾಪಸ್ ಬರುವಾಗ ನನಗೆ ಕೂರಲು ಸೀಟು ಸಿಕ್ಕಿತೋ ಇಲ್ಲವೋ ನೆನಪಿಲ್ಲ. ಯೋಚನೆ ಮಾತ್ರ ನೆನಪಿದೆ. ನಾನು ಗೈಡ್ ಎದುರು ಎದೆ ತಟ್ಟಿಕೊಂಡು ಹೇಳಿದ ಮಾತು ಸುಳ್ಳಾಗಿತ್ತು. ಅಮ್ಮ ಮಾತ್ರೆ ಬಿಟ್ಟಿದ್ದಳು. ಆ ಸಾಲಿನ ಅರ್ಧ ಭಾಗ ಅವಳ ಮಟ್ಟಿಗೆ ನಿಜವೇ. ಗೈಡ್ ತಲೆಯಲ್ಲಿದ್ದ ಒಂದು ಚಿತ್ರಕ್ಕೆ ಸಂಖ್ಯೆ ಅಂಟಿತ್ತು. ನನ್ನ ತಲೆಯಲ್ಲಿದ್ದ ಚಿತ್ರಕ್ಕೆ ಅಂಟಿರಲಿಲ್ಲ, ಅಷ್ಟೇ ವ್ಯತ್ಯಾಸ. ಆ ಬಸ್ಸಿನಲ್ಲೇ ನನ್ನ ಜಗಳ ಬದಲಾಯಿತು. ನಮ್ಮ ಬೀದಿಯ ಹೆಂಗಸರು ಹಾಗಲ್ಲ ಎಂದು ಸಾಧಿಸುವುದು ನನ್ನ ಕೆಲಸವಲ್ಲ. ಅವರು ಹೇಗೆಂಬುದು ನನಗೂ ಗೊತ್ತಿಲ್ಲ. ಯಾರೂ ಕೇಳಿಲ್ಲ ಎಂಬುದು ಮಾತ್ರ ಗೊತ್ತು. ಅದನ್ನು ಬರೆಯಬೇಕು, ಆಮೇಲೆ ಹೋಗಿ ಕೇಳಬೇಕು.

ಮಾರನೆಯ ದಿನ ಗೈಡ್ ಕೋಣೆಗೆ ಏಳೂ ಪ್ರಬಂಧಗಳನ್ನು ಹೊತ್ತುಕೊಂಡು ಹೋದೆ. ಲೈಬ್ರೇರಿಯನ್ ಹೊರಗೆ ಕೊಡುವುದಿಲ್ಲ ಎಂದರು, ಬೇಡಿಕೊಂಡು ತಂದೆ.

"ಏಳಲ್ಲ ಮೇಡಂ, ಒಂದೇ. ಏಳು ಸಲ ಬರ್ದಿದಾರೆ."

ಒಂದೊಂದನ್ನೇ ತೆರೆದು ತೋರಿಸಿದೆ. ಅವರದ್ದನ್ನು ಕೊನೆಗೆ ಇಟ್ಟುಕೊಂಡಿದ್ದೆ. ಉಪ್ಪು, ನಡಿಗೆ, ತಂಬಾಕು, ಮನೆಯಿಲ್ಲದ ಆ ಕೊನೆಯ ಸಂಖ್ಯೆ. ಅವರು ಬೆರಳಿಟ್ಟು ಪಠ್ಯದಿಂದ ಪಟ್ಟಿಗೆ, ಪಟ್ಟಿಯಿಂದ ಪಠ್ಯಕ್ಕೆ ಹೋಗಿ ಬಂದರು.

"ಇಪ್ಪತ್ತು ವರ್ಷದ ಹಿಂದಿಂದು. ಯಾರು ಸೇರ್ಸಿದ್ರು, ನಾನೇ ಸೇರ್ಸಿದ್ನಾ, ನಮ್ಮ ಗೈಡ್ ಹೇಳಿದ್ರಾ, ನಂಗೆ ನೆನಪಿಲ್ಲ ಕಣಮ್ಮ."

ನಾನು ನಂಬಿದೆ. ಹಿಂದಿನ ದಿನವಷ್ಟೇ ನನಗೆ ಒಂದು ಇಡೀ ಮಳೆಗಾಲ ಗೊತ್ತಿರಲಿಲ್ಲ ಎಂಬುದು ಗೊತ್ತಾಗಿತ್ತು.

"ಸರಿ, ಆ ಸಾಲು ಬೇಡ," ಎಂದರು. "ತೆಗೆದುಬಿಡು. ಸೈನ್ ಹಾಕ್ತೀನಿ."

"ತೆಗೆಯಲ್ಲ ಮೇಡಂ."

ಈ ಮಾತನ್ನು ನಾನು ಗಟ್ಟಿಯಾಗಿ ಹೇಳಿದೆ ಎಂದು ನೆನಪು ಹೇಳುತ್ತದೆ. ದಿನಚರಿಯಲ್ಲಿ 'ಅವರಿಗೆ ಕೇಳಿಸಲಿಲ್ಲ, ಎರಡು ಸಲ ಹೇಳಬೇಕಾಯಿತು' ಎಂದಿದೆ. ದಿನಚರಿಯೇ ಸರಿ ಇರಬೇಕು.

"ಮೊದ್ಲು ಹಾಕಲ್ಲ ಅಂದೆ. ಈಗ ತೆಗೆಯಲ್ಲ ಅಂತೀಯ. ನಿಂಗೆ ಬೇಕಾಗಿರೋದಾದ್ರೂ ಏನು?"

ನಾನು ಬರೆದು ತಂದಿದ್ದ ಪ್ಯಾರಾವನ್ನು ಕೊಟ್ಟೆ. ಈ ಮಾತು ಇಂತಿಂಥ ಪ್ರಬಂಧಗಳಲ್ಲಿ ಬಂದಿದೆ ಎಂದು ಏಳರ ಸಂಖ್ಯೆಗಳು. ಇದರ ಹಿಂದೆ ಯಾವ ಅಧ್ಯಯನವೂ ಇಲ್ಲ ಎಂಬ ಒಂದು ವಾಕ್ಯ. ಆದ್ದರಿಂದ ಈ ಅಧ್ಯಯನದಲ್ಲಿ ಕಾರಣಗಳ ಆಯ್ಕೆ ಕೊಡುವುದಿಲ್ಲ, ಯಾಕೆ ನಿಲ್ಲಿಸಿದಿರಿ ಎಂದು ಕೇಳಿ ಅವರು ಹೇಳಿದ್ದನ್ನು ಹೇಳಿದಂತೆ ಬರೆದುಕೊಳ್ಳುತ್ತೇವೆ ಎಂದು ಇನ್ನೊಂದು.

"ನಾನು ಸುಮ್ನೆ ತೆಗೆದ್ರೆ ಇವು ಏಳೂ ಲೈಬ್ರರೀಲಿ ಹಾಗೇ ಇರ್ತಾವೆ ಮೇಡಂ. ಮುಂದಿನ ಬ್ಯಾಚಿನವ್ರು ಇಲ್ಲಿಂದ್ಲೇ ತಗೊಳ್ತಾರೆ. ಎಲ್ಲಾದ್ರೂ ಒಂದು ಕಡೆ ಬರ್ದಿರ್ಬೇಕು."

"ಕಮಿಟಿಯವ್ರು ಏನಂತಾರೆ ಗೊತ್ತಾ? ನಿಮ್ಮ ಡಿಪಾರ್ಟ್‌ಮೆಂಟನ್ನ ನೀವೇ ಬೈಕೊಂಡು ಬಂದಿದೀರಾ ಅಂತಾರೆ. ಈ ಪ್ಯಾರಾ ಇದ್ರೆ ನಾನು ಸೈನ್ ಹಾಕಲ್ಲ."

"ಇಲ್ಲೇ ಇಟ್ಟು ಹೋಗ್ತೀನಿ ಮೇಡಂ. ನಾಳೆ ಬರ್ತೀನಿ."

ಮರುದಿನ ಹೋದೆ. ಹಾಳೆಗಳು ಮೇಜಿನ ಮೇಲೆ ನಾನಿಟ್ಟಲ್ಲೇ ಇದ್ದವು. ಅದರ ಮರುದಿನವೂ ಹೋದೆ. ಅವರು ಬೇರೆ ಎಲ್ಲ ವಿಷಯ ಮಾತಾಡಿದರು, ವಾರ್ಡಿನ ಪಾಳಿ ಕೇಳಿದರು, ಅದರ ಸುದ್ದಿ ಎತ್ತಲಿಲ್ಲ. ದಿನಾಂಕ ಹತ್ತಿರ ಬರುತ್ತಿತ್ತು. ರೂಮಿನಲ್ಲಿ ಗೆಳತಿ ಬಟ್ಟೆ ಮಡಚುತ್ತಾ ಕುಟುಕಿದಳು.

"ಹುಲಿ ನೋಡೋ ಆಸೆ ಇದ್ರೆ ತ್ಯಾವರೆಕೊಪ್ಪ ಸಫಾರಿಗೆ ಹೋಗೇ. ದಿನಾ ಗೈಡ್ ರೂಮಿಗೆ ಯಾಕೆ ಹೋಗ್ತೀಯ? ಆರು ತಿಂಗಳ ಫೀಸು ಜಾಸ್ತಿ ಕಟ್ಟೋಷ್ಟು ಇದ್ರೆ ನಂಗೆ ಕೊಡು, ಪಾನಿಪುರಿ ಆದ್ರೂ ತಿನ್ನೋಣ."

"ಸಾಲು ತಪ್ಪು ಕಣೇ."

"ತಪ್ಪೇ ಇರ್ಲಿ. ಒಂದು ಸಾಲಿಗೆ ಆರು ತಿಂಗಳಾ? ಒಂದೇ ಒಂದು ಬ್ಯಾಕ್‌ಸ್ಪೇಸ್ ಮಾರಾಯ್ತಿ."

ಆ ದಿನಗಳಲ್ಲಿ ನಾನು ಬರೆದುಕೊಂಡದ್ದನ್ನು ಈಗ ಓದಿದರೆ ಅಷ್ಟು ಹೆಮ್ಮೆಯೇನೂ ಆಗುವುದಿಲ್ಲ. ಇದು ಸತ್ಯಕ್ಕಾಗಿಯೋ, ಅಮ್ಮನಿಗೆ ಆದ ಅವಮಾನಕ್ಕಾಗಿಯೋ, ಗೈಡ್ ತಪ್ಪು ಹಿಡಿದ ಸಂತೋಷಕ್ಕಾಗಿಯೋ ಎಂದು ಪುಟ ತುಂಬ ಪ್ರಶ್ನೆಗಳು. ಕೊನೆಯಲ್ಲಿ ಒಂದೇ ಸಾಲು ಗಟ್ಟಿಯಾಗಿದೆ: 'ಅಹಂಕಾರ ಇರಬಹುದು. ಇದ್ದರೂ ಆ ಸಂಖ್ಯೆ ತಪ್ಪೇ.' ಅದನ್ನು ಹಿಡಿದುಕೊಂಡು ಕೂತೆ. ನಮ್ಮಂಥವರ ಮನೆಯಲ್ಲಿ ಆರು ತಿಂಗಳು ಸಣ್ಣದಲ್ಲ, ಆದರೂ ಕೂತೆ. ಯಾರೂ ನೋಡದ ಕೊನೆಯ ಪುಟದ ಒಂದು ಸಂಖ್ಯೆಗಾಗಿ ಇಷ್ಟು ಹಟ ಮಾಡಬಹುದೇ ಎಂದು ಕೇಳಿದರೆ, ಯಾರೂ ನೋಡದ ಕಡೆಯೇ ಮಾಡಬೇಕು ಎನ್ನುತ್ತೇನೆ. ನೋಡುವ ಕಡೆ ಎಲ್ಲರೂ ಸರಿಯಾಗಿಯೇ ಬರೆಯುತ್ತಾರೆ.

ಕೊನೆಯ ದಿನ ಬೆಳಿಗ್ಗೆ ಗೈಡ್ ತಾವೇ ಕರೆಸಿದರು. ಸಿನಾಪ್ಸಿಸ್ ಅವರ ಮುಂದಿತ್ತು. ಪೆನ್ಸಿಲ್ ಗುರುತುಗಳಿದ್ದವು. 'ಯಾವ ಅಧ್ಯಯನವೂ ಇಲ್ಲ' ಎಂದು ನಾನು ಬರೆದದ್ದನ್ನು ಹೊಡೆದು 'ಹುಡುಕಿದ ಮಟ್ಟಿಗೆ ಸಿಗಲಿಲ್ಲ' ಎಂದು ತಿದ್ದಿದ್ದರು.

"ಇಲ್ಲ ಅನ್ನಕ್ಕೆ ನಿಂಗೆ ಏನಾಧಾರ? ನೀನು ನಮ್ಮ ಲೈಬ್ರರಿ, ಇಂಟರ್ನೆಟ್ ಹುಡುಕಿದೀಯ. ಲೋಕ ಎಲ್ಲಾ ಹುಡುಕಿದೀಯಾ?"

ಇಲ್ಲ. ಒಪ್ಪಿದೆ. ಅದು ಸೋಲೆಂದು ನನಗೆ ಅನ್ನಿಸಲಿಲ್ಲ. ನಾನು ಅವರಿಗೆ ಹೇಳುತ್ತಿದ್ದದ್ದೂ ಅದನ್ನೇ.

ಇನ್ನೊಂದು ಗುರುತು ಕೊನೆಯ ಪಟ್ಟಿಯಲ್ಲಿತ್ತು. ಅವರ ಪ್ರಬಂಧದ ವರ್ಷವನ್ನು ನಾನು ಅದನ್ನೇ ನೋಡಿ ಬರೆಯದೆ, ನಂತರದ ಬ್ಯಾಚೊಂದರ ಪಟ್ಟಿಯಲ್ಲಿ ತಪ್ಪಾಗಿದ್ದ ಹಾಗೆಯೇ ಬರೆದುಬಿಟ್ಟಿದ್ದೆ. ಅದನ್ನು ಹೊಡೆದು ಸರಿಯಾದ ವರ್ಷ ಬರೆದಿದ್ದರು. ಮೇಜಿನ ಅಂಚಿನಲ್ಲಿ ಅವರ ಆ ಕಪ್ಪು ರೆಕ್ಸಿನ್ ಪುಸ್ತಕ ತೆರೆದೇ ಇತ್ತು.

"ನನ್ನ ತಪ್ಪು ತೋರ್ಸೋದಾದ್ರೆ ನನ್ನ ವರ್ಷ ಆದ್ರೂ ಸರಿ ಹಾಕು," ಎಂದು ಸಹಿ ಮಾಡಿದರು.

ನಗುತ್ತಿದ್ದರೋ ಇಲ್ಲವೋ ಬರೆದುಕೊಂಡಿಲ್ಲ. ಇವತ್ತು ನೆನಪಿಸಿಕೊಂಡರೆ ನಗುತ್ತಿದ್ದರು ಅನ್ನಿಸುತ್ತದೆ, ಆದ್ದರಿಂದಲೇ ಅದನ್ನು ಖಚಿತವಾಗಿ ಹೇಳಲಾರೆ. ಕಮಿಟಿಯವರು ಆ ಪ್ಯಾರಾದ ಬಗ್ಗೆ ಏನೂ ಕೇಳಲಿಲ್ಲ. ಗೆಳತಿ ಹೇಳಿದಂತೆ ಕೊನೆಯ ಪುಟ ನೋಡಿ ಎಣಿಸಿದರೇನೋ.

ಭದ್ರಾವತಿಗೆ ಆಯ್ಕೆಗಳಿಲ್ಲದ ಹಾಳೆ ಹಿಡಿದುಕೊಂಡು ಹೋದೆ. ಅಮ್ಮನನ್ನು ಅಧ್ಯಯನಕ್ಕೆ ಸೇರಿಸಿಕೊಳ್ಳಲಿಲ್ಲ. ಮಗಳೇ ಕೇಳಿದರೆ ಅದು ಕೇಳಿದಂತಾಗುವುದಿಲ್ಲ. ಅವಳಿಗೆ ಸಿಟ್ಟು ಬಂತು, ಈಗಲೂ ಪೂರ್ತಿ ಇಳಿದಿಲ್ಲ. ಉಳಿದವರ ಜಗುಲಿಗಳಲ್ಲಿ ಕೂತು ಕೇಳಿದೆ. ಯಾಕೆ ನಿಲ್ಲಿಸಿದಿರಿ? ಮೊದಮೊದಲು ಎಲ್ಲರೂ ನನ್ನ ಮುಖವನ್ನೇ ನೋಡುತ್ತಿದ್ದರು, ಆಯ್ಕೆ ಹೇಳುತ್ತಾಳೇನೋ ಎಂದು. ಆಮೇಲೆ ಬಾಯಿ ಬಿಟ್ಟರು. ಕಾಲು ಊದಿದವರಿದ್ದರು. ಆಸ್ಪತ್ರೆಯಲ್ಲಿ ಮಾತ್ರೆ ಕೊಡುವ ದಿನವೇ ಕೂಲಿಗೆ ಹೋಗಬೇಕಾದವರಿದ್ದರು. ಗಂಡನ ಮಾತ್ರೆ ಖಾಲಿಯಾದಾಗ ತನ್ನದನ್ನು ಕೊಟ್ಟವರಿದ್ದರು. ಹೇಳಿದಂತೆಯೇ ಬರೆದುಕೊಂಡೆ.

ನಮ್ಮ ಬೀದಿಯ ಕೊನೆಯಲ್ಲಿ ಒಬ್ಬ ಹಿರಿಯ ಹೆಂಗಸಿದ್ದಾರೆ, ಕಾರ್ಖಾನೆಯಲ್ಲಿ ಕ್ರೇನ್ ನಡೆಸುತ್ತಿದ್ದವರ ಹೆಂಡತಿ. ಚಿಕ್ಕಂದಿನಲ್ಲಿ ನನಗೆ ಜಡೆ ಹಾಕುತ್ತಿದ್ದವರು. ನಾನು ಕೇಳುತ್ತಿದ್ದಂತೆ ಅವರು ಯಾವ ಮುಚ್ಚುಮರೆಯೂ ಇಲ್ಲದೆ ಹೇಳಿದರು.

"ದೇವ್ರು ಬೇಡ ಅಂತಮ್ಮ. ಪೇಟೆ ಕಡೆ ಒಬ್ಬಮ್ಮಂಗೆ ಮೈಮೇಲೆ ಬರತ್ತೆ. ಅವಳ ಬಾಯಲ್ಲಿ ಹೇಳ್ತು, ನಿಲ್ಸು ಅಂತ. ನಿಲ್ಸಿದೆ."

ಪೆನ್ನು ನಿಂತಿತು. ಯಾವ ಪದದ ವಿರುದ್ಧ ಇಷ್ಟು ದಿನ ಜಗಳವಾಡಿದ್ದೆನೋ ಅದು ನನ್ನ ಎದುರೇ ಕಾಲು ಚಾಚಿ ಕೂತು ವೀಳ್ಯ ಮೆಲ್ಲುತ್ತಿತ್ತು. ಬರೆಯದೆ ಬಿಟ್ಟರೆ ಕೇಳುವವರಿಲ್ಲ. ಬೇರೆ ಯಾವುದೋ ಕಾರಣ ಎಂದು ಬರೆದರೂ ಕೇಳುವವರಿಲ್ಲ. ಗೈಡ್ ಇದನ್ನು ಓದಿ, 'ನೋಡಿದ್ಯಾ?' ಎನ್ನಬಹುದು, ಅನ್ನಲಿ.

ಬರೆಯಲು ಶುರುಮಾಡಿದೆ. ಅವರು ಬಗ್ಗಿ ನನ್ನ ಹಾಳೆಯನ್ನು ನೋಡಿದರು. ಓದಲು ಬಾರದವರು, ಆದರೂ ಬೆರಳಿಟ್ಟು ತಡೆದರು.

"ಸರಿಯಾಗಿ ಬರ್ಕೋ ಮತ್ತೆ. ದೇವ್ರು ಬೇಡ ಅಂದಿದ್ದು ಬಿಳೀ ಮಾತ್ರೆ ಒಂದ್ನೇ. ಹಳದೀದು ದಿನಾ ತಗೊಳ್ತೀನಿ."

ಹಳದಿಯದ್ದನ್ನೂ ಬರೆದುಕೊಂಡೆ.